ಪೇಟೆಯ ಮನೆಗೆ ಹೊಲದ ವಿದ್ಯೆ

ನಗರದಲ್ಲಿದ್ದುಕೊಂಡೇ ಮನೆಗೆ ಬೇಕಾದ ನೀರು, ಕಾಳು, ಸೊಪ್ಪು, ಹಾಲುಗಳನ್ನು ಆದಷ್ಟು ಮಟ್ಟಿಗೆ ತಾವೇ ಒದಗಿಸಿಕೊಳ್ಳಬೇಕೆಂಬ ಆಸೆ ಇಂದು ಅನೇಕರಲ್ಲಿ ಮೂಡಿದೆ. ಕೆಲವರು ತಾರಸಿಯ ಕುಂಡಗಳಲ್ಲಿ ಮೆಂತ್ಯ ಬಿತ್ತುತ್ತಾರೆ. ಇನ್ನು ಕೆಲವರು ಮಳೆನೀರನ್ನು ತೊಟ್ಟಿಗೆ ಇಳಿಸುತ್ತಾರೆ. ಇದನ್ನು ಹೊಸ ಕಾಲದ ಹವ್ಯಾಸವೆಂದು ಭಾವಿಸುವವರೇ ಹೆಚ್ಚು. ಆದರೆ ಬೀದರ್ ನಗರದ ಮತ್ತು ಅದಕ್ಕೆ ಅನ್ನವಿಕ್ಕಿದ ಭಾಲ್ಕಿ, ಔರಾದ್ ಸೀಮೆಗಳ ಚರಿತ್ರೆಯನ್ನು ನೋಡಿದರೆ, ಪೇಟೆಯ ಮನೆಗೆ ಹೊಲದ ವಿದ್ಯೆ ಹೊಸದಲ್ಲವೆಂಬುದು ತಿಳಿಯುತ್ತದೆ. ಆ ವಿದ್ಯೆ ಹೇಗಿತ್ತು, ಎಲ್ಲಿ ಕೈತಪ್ಪಿತು ಎಂಬುದು ಇಂದು ಕಲಿಯಹೊರಟವರು ಅರಿಯಬೇಕಾದ ಸಂಗತಿ.

ಮೊದಲು ನೀರಿನ ಮಾತು. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ತನ್ನ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಬದಲಾಯಿಸಿದ. ಬೀದರ್ ಎತ್ತರದ ಕೆಂಪು ಪ್ರಸ್ಥಭೂಮಿಯ ಮೇಲಿದೆ; ಮಾಂಜ್ರಾ ನದಿ ದೂರದಲ್ಲಿ, ತಗ್ಗಿನಲ್ಲಿ ಹರಿಯುತ್ತದೆ. ನದಿಯ ನೀರನ್ನು ಮೇಲಕ್ಕೆತ್ತುವುದು ಆ ಕಾಲದಲ್ಲಿ ಸುಲಭವಲ್ಲ. ಆದರೆ ಊರಿನ ನೆಲದಲ್ಲೇ ಉಪಾಯವಿತ್ತು. ಮೇಲಿನ ಜಂಬಿಟ್ಟಿಗೆ ಕಲ್ಲು ತೂತುತೂತಾದದ್ದು. ಬಿದ್ದ ಮಳೆಯನ್ನು ಹೀರಿ ಕೆಳಕ್ಕೆ ಬಿಡುತ್ತದೆ. ಕೆಳಗಿನ ಕಪ್ಪು ಬಂಡೆ ಅದನ್ನು ತಡೆಯುತ್ತದೆ. ಎರಡೂ ಕೂಡುವ ಕಡೆ ನೀರು ಅಡ್ಡಲಾಗಿ ಸರಿದು ಅಲ್ಲಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ನಾನಕ್ ಝೀರಾದ ಒರತೆ, ಪಾಪನಾಶದ ಚಿಲುಮೆ ಇಂಥವೇ.

ಈ ಗುಣವನ್ನರಿತು, ಪರ್ಷಿಯಾದಿಂದ ಬಂದ ವಿದ್ಯೆಯನ್ನು ಬಳಸಿ ನೆಲದೊಳಗೆ ಸುರಂಗ ಕೊರೆದು ನೀರನ್ನು ನಡೆಸಿದ್ದೇ ಕರೇಜ್. ಸುರಂಗದ ನೆಲಕ್ಕೆ ಸ್ವಲ್ಪವೇ ಇಳಿಜಾರು; ಎತ್ತುವ ಯಂತ್ರವಿಲ್ಲದೆ ನೀರು ತಾನಾಗಿ ಹರಿಯುತ್ತದೆ. ಗಾಳಿಗಾಗಿ, ನೀರು ಸೇದುವುದಕ್ಕಾಗಿ, ಹೂಳು ತೆಗೆಯುವುದಕ್ಕಾಗಿ ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸಲಾಗಿದೆ. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಅದರ ಮೇಲೆ ಸುಮಾರು 20 ಬಾವಿಗಳಿವೆ. ಹಳೆಯ ಊರೊಳಗಿನ ಜಮುನಾ ಮೋರಿ ಓಣಿಗಳ ಅಡಿಯಲ್ಲಿ ನೀರು ಹಂಚುತ್ತಿತ್ತು. ಇಲ್ಲಿ ಒಂದು ಮಾತು ಗಮನಿಸಬೇಕು: ಕರೇಜ್ ಯಾವ ಒಂದು ಮನೆಯ ಸ್ವತ್ತೂ ಅಲ್ಲ. ಒಬ್ಬರು ತಮ್ಮ ಮುಂದಿನ ಬಾವಿಗೆ ಕಸ ಸುರಿದರೆ ಮುಂದಿನ ಓಣಿಗೆ ನೀರು ಕೆಡುತ್ತದೆ. ನೀರಿನ ಸ್ವಾವಲಂಬನೆ ಎಂದರೆ ನೆರೆಹೊರೆಯ ಶಿಸ್ತು ಎಂಬುದನ್ನು ಈ ಊರು ನೆಲದಿಂದಲೇ ಕಲಿತಿತ್ತು.

ಕಾಳಿನ ವಿದ್ಯೆ ಬಂದದ್ದು ಭಾಲ್ಕಿ, ಔರಾದಿನ ಎರೆಭೂಮಿಯಿಂದ. ಜೋಳ, ತೊಗರಿ, ಕಡಲೆ, ಉದ್ದು, ಹೆಸರು ಅಲ್ಲಿಯ ಬೆಳೆಗಳು. ಬೆಳೆದ ಜೋಳವನ್ನು ವರ್ಷಗಟ್ಟಲೆ ಕಾಯ್ದಿಡುವ ಸಾಧನ ಹಗೇವು, ಮರಾಠಿಯಲ್ಲಿ ಪೇವ್. ನೀರು ನಿಲ್ಲದ ಎತ್ತರದ ಜಾಗದಲ್ಲಿ ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯ ಗುಂಡಿ ತೋಡಿ, ಒಳಗೋಡೆಗೆ ಜೋಳದ ದಂಟು ಮತ್ತು ಹೊಟ್ಟನ್ನು ಹೊಂದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗಿನ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಹುಳುಗಳು ಸಾಯುತ್ತವೆ. ಔಷಧಿ ಇಲ್ಲದೆ ಕಾಳು ಉಳಿಯುವ ಗುಟ್ಟು ಇದು.

ಕಾಳನ್ನು ಉಳಿಸುವ ಆ ಗಾಳಿಯೇ ಮನುಷ್ಯನನ್ನು ಕೊಲ್ಲಬಲ್ಲದು. ಅದಕ್ಕೇ ಹಗೇವಿನ ಬಾಯಿ ತೆರೆದ ಮೇಲೆ ಗಾಳಿಯಾಡಲು ಸಾಕಷ್ಟು ಹೊತ್ತು ಬಿಡುವುದು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಸಿ ನೋಡುವುದು, ದೀಪ ಆರಿದರೆ ಯಾರನ್ನೂ ಇಳಿಸದಿರುವುದು ವಾಡಿಕೆ. ಈ ಎಚ್ಚರ ತಿಳಿಯದೆ ಇಳಿದು ಪ್ರಾಣ ಕಳೆದುಕೊಂಡವರು ಉತ್ತರ ಕರ್ನಾಟಕದಲ್ಲಿ ಇದ್ದಾರೆ. ಗುಂಡಿ ತೋಡುವುದನ್ನು ನೋಡಿ ಕಲಿಯಬಹುದು. ಅದರೊಡನೆ ಬರುವ ಇಂಥ ಎಚ್ಚರ ಮಾತ್ರ ಹಿರಿಯರು ಜೊತೆಗಿದ್ದಾಗಲೇ ಕೈಗೆ ಹತ್ತುತ್ತದೆ. ಒಂದು ತಲೆಮಾರು ತಪ್ಪಿದರೆ ವಿದ್ಯೆ ಅರ್ಧವಾಗುತ್ತದೆ, ಅರ್ಧ ವಿದ್ಯೆ ಅಪಾಯವಾಗುತ್ತದೆ.

ಮನೆಯೊಳಗಿನ ಉಳಿದ ಕೆಲಸಗಳೆಲ್ಲ ಹೆಣ್ಣುಮಕ್ಕಳ ಕೈಯಲ್ಲಿದ್ದವು. ತೊಗರಿಯನ್ನು ನೆನೆಸಿ, ಕೆಮ್ಮಣ್ಣು ಹಚ್ಚಿ, ಬಿಸಿಲಿಗೆ ಒಣಗಿಸಿ, ಬೀಸುವ ಕಲ್ಲಿನಲ್ಲಿ ಬೇಳೆ ಒಡೆಯುವುದು. ಬೀಜದ ಕಾಳಿಗೆ ಬೂದಿ ಬೆರೆಸಿ, ಬೇವಿನೆಲೆ ಹಾಕಿ ಗಡಿಗೆಯಲ್ಲಿ ಕಟ್ಟಿಡುವುದು. ಸಂಡಿಗೆ, ಹಪ್ಪಳ, ಉಪ್ಪಿನಕಾಯಿಗಳನ್ನು ಬೇಸಿಗೆಯಲ್ಲೇ ಮುಗಿಸಿಡುವುದು. ಇವಕ್ಕೆ ಹೊಲ ಬೇಕಾಗಿಲ್ಲ; ಅಂಗಳ ಸಾಕು. ಹಳ್ಳಿಯಿಂದ ಪೇಟೆಗೆ ಮದುವೆಯಾಗಿ ಬಂದ ಹೆಣ್ಣಿನ ಜೊತೆ ಈ ವಿದ್ಯೆಗಳೂ ಪೇಟೆಗೆ ಬಂದವು.

ದನದ ವಿಷಯದಲ್ಲೂ ಹಾಗೆಯೇ. ಈ ಸೀಮೆಯ ಹೆಸರಾಂತ ತಳಿ ದೇವಣಿ. ಬಿಳಿ ಮೈ, ಅದರ ಮೇಲೆ ಕಪ್ಪು ಮಚ್ಚೆ. ಹಸು ಹಾಲಿಗೆ, ಎತ್ತು ಉಳುಮೆಗೆ. ಹೀಗೆ ಎರಡಕ್ಕೂ ಒದಗುವ ತಳಿ ಎಂಬುದೇ ಅದರ ಹೆಚ್ಚುಗಾರಿಕೆ. ಹೆಸರು ಬಂದದ್ದು ಈಗ ಮಹಾರಾಷ್ಟ್ರದಲ್ಲಿರುವ ದೇವಣಿ ಊರಿನಿಂದ. ಭಾಲ್ಕಿ, ಔರಾದ್‌ಗಳೂ ಅದರ ತವರುಸೀಮೆಗೇ ಸೇರಿದವು. ಹಸು ಕಟ್ಟಲು ಜಾಗವಿಲ್ಲದವರಿಗೆ ಆಡು ಇತ್ತು. ಗಿಡದ ಸೊಪ್ಪು, ಅಡಿಗೆಮನೆಯ ಸಿಪ್ಪೆಯಲ್ಲೇ ಬಹುಪಾಲು ಹೊಟ್ಟೆ ತುಂಬಿಸಿಕೊಳ್ಳುವ ಅದು ಓಣಿಯ ಬಡವರ ಹಾಲಿನ ಆಸರೆ.

ಪೇಟೆಯವರು ಹೊಲದೊಡನೆ ನಂಟನ್ನು ಬಿಡದಂತೆ ನೋಡಿಕೊಂಡ ಹಬ್ಬ ಎಳ್ಳ ಅಮಾವಾಸ್ಯೆ. ಡಿಸೆಂಬರ್-ಜನವರಿಯಲ್ಲಿ ಹಿಂಗಾರಿ ಜೋಳ, ಕಡಲೆ ಎದ್ದುನಿಂತಾಗ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಜೋಳದ ದಂಟಿನ ಗುಡಿಸಲು ಕಟ್ಟಿ, ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಹೊಲಕ್ಕೆ ಚರಗ ಚೆಲ್ಲುತ್ತಾರೆ. ಊಟಕ್ಕೆ ಸಜ್ಜೆ ರೊಟ್ಟಿ, ಅಂಬಲಿ, ಮತ್ತು ಆ ಹೊತ್ತಿಗೆ ಸಿಗುವ ಹಸಿಕಾಳು, ತರಕಾರಿ, ಸೊಪ್ಪುಗಳನ್ನೆಲ್ಲ ಕಡಲೆಹಿಟ್ಟಿನಲ್ಲಿ ಕೂಡಿಸಿ ಬೇಯಿಸಿದ ಭಜ್ಜಿ. ಯಾವ ತಿಂಗಳು ಯಾವ ಕಾಳು ಹಸಿಯಾಗಿರುತ್ತದೆಂಬುದನ್ನು ಪೇಟೆಯ ಮಗು ಈ ಒಂದು ಪಾತ್ರೆಯಿಂದಲೇ ತಿಳಿಯಬಹುದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದ್‌ಪುರಗಳು ಬೇರೆ ರಾಜ್ಯಕ್ಕೆ ಹೋದರೂ ಗಡಿಯ ಆಚೆ ಈಚೆ ಈ ಹಬ್ಬ ಒಂದೇ ಬಗೆಯಾಗಿ ನಡೆಯುತ್ತದೆ.

ಹಾಗಾದರೆ ವಿದ್ಯೆ ಕೈತಪ್ಪಿದ್ದು ಯಾವಾಗ? ಒಂದೇ ದಿನ ಅಲ್ಲ, ಒಂದೇ ಕಾರಣದಿಂದಲೂ ಅಲ್ಲ. ನಲ್ಲಿ ಮತ್ತು ಕೊಳವೆಬಾವಿ ಬಂದ ಮೇಲೆ ಕರೇಜಿನ ಬಾವಿಗಳು ಕಸದ ಗುಂಡಿಗಳಾದವು. 1964ರಲ್ಲಿ ಮೊದಲ ಹೈಬ್ರಿಡ್ ಜೋಳ ಬಂತು. ಇಳುವರಿ ಹೆಚ್ಚಿದ್ದರೂ ಅದರ ಗಿಡ್ಡ ದಂಟಿನಿಂದ ದನಕ್ಕೆ ಮೇವು ಕಡಿಮೆ, ಮಳೆ ಹಿಡಿದರೆ ತೆನೆಗೆ ಬೂಷ್ಟು. 1972ರ ಬರ ಅನೇಕ ಮನೆಗಳ ಕಾಳನ್ನು ಬರಿದು ಮಾಡಿತು. ಆಮೇಲೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಹಸಿವಿಗೆ ಆಧಾರವಾಯಿತು; ಅದನ್ನು ಬೇಡವೆನ್ನುವಂತಿಲ್ಲ. ಕೊನೆಗೆ ಸೋಯಾ ಅವರೆ ಭಾಲ್ಕಿ, ಔರಾದಿನ ಮುಂಗಾರಿ ಹೊಲಗಳನ್ನು ಆವರಿಸಿತು. ಅದು ರೊಕ್ಕ ತರುವ ಬೆಳೆ, ರೈತನಿಗೆ ರೊಕ್ಕ ಬೇಕೇ ಬೇಕು. ಆದರೆ ಸೋಯಾ ರಾಶಿಯಿಂದ ನೇರವಾಗಿ ಮಂಡಿಗೆ ಹೋಗುತ್ತದೆ. ಮನೆಯಲ್ಲಿ ಒಡೆಯುವುದಿಲ್ಲ, ಬೀಸುವುದಿಲ್ಲ, ಕಾಯ್ದಿಡುವುದಿಲ್ಲ. ಹಳ್ಳಿಯ ಮನೆಯಲ್ಲೇ ಕೈಗೆ ಕೆಲಸವಿಲ್ಲವಾದಾಗ ಪೇಟೆಯ ಮನೆಗೆ ಕಲಿಸುವವರು ಯಾರು?

ಸಂಕಟ ಬಂದಾಗ ಇಂಥ ವಿದ್ಯೆಯ ಬೆಲೆ ತಿಳಿಯುತ್ತದೆ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಕ್ಯೂಬಾಕ್ಕೆ ತೈಲ, ಗೊಬ್ಬರ, ಆಹಾರ ಬರುವುದು ನಿಂತಾಗ ಹವಾನಾ ನಗರದ ಜನ ಖಾಲಿ ನಿವೇಶನಗಳಲ್ಲಿ ತರಕಾರಿ ಬೆಳೆಯಲು ತೊಡಗಿದರು. ಬೀದರ್‌ಗೆ ಅಂಥ ವಿಪತ್ತು ಬಂದಿಲ್ಲ. ಆದರೆ ಬರ ಇಲ್ಲಿಗೆ ಹೊಸ ಅತಿಥಿಯಲ್ಲ.

ಕಲಿಯಲು ದಾರಿಗಳು ಮುಚ್ಚಿಲ್ಲ. ಕೇರಳದ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಮುಂತಾದವರ ಅಧ್ಯಯನದ ಬಳಿಕ, 2015ರ ಸುಮಾರಿಗೆ ನೌಬಾದ್ ಕರೇಜಿನ ಹೂಳು ತೆಗೆದಾಗ ಒಳಗೆ ನೀರು ಇನ್ನೂ ಇರುವುದು ಕಂಡಿತು. ನೆಲ ತನ್ನ ಗುಣ ಬಿಟ್ಟಿಲ್ಲ. ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುವ ಈ ಊರಿನಲ್ಲಿ 100 ಚದರ ಮೀಟರ್ ತಾರಸಿಯ ಮೇಲೆ 80 ಸಾವಿರ ಲೀಟರ್ ನೀರು ಬೀಳುತ್ತದೆ. ಅದನ್ನು ಶೋಧಿಸಿ ಇಂಗಿಸಿದರೆ ಓಣಿಯ ಬಾವಿಗಳಿಗೂ ಪಾಲು ಸಿಗುತ್ತದೆ. ಔರಾದ್ ರಸ್ತೆಯ ಜನವಾಡದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ; 2004ರಲ್ಲಿ ಆರಂಭವಾದ ಪಶು ವೈದ್ಯಕೀಯ ವಿಶ್ವವಿದ್ಯಾಲಯ ನಗರದ ನಂದಿನಗರದಲ್ಲೇ ಇದೆ. ತಳಿ, ಬೀಜ, ಮೇವಿನ ಬಗೆಗೆ ತಿಳಿದವರು ಅಲ್ಲಿದ್ದಾರೆ. ಬೇಳೆ ಒಡೆಯುವುದನ್ನು, ಬೀಜ ಕಟ್ಟುವುದನ್ನು, ಹಗೇವಿನ ಎಚ್ಚರವನ್ನು ಬಲ್ಲ ಹಿರಿಯರು ಭಾಲ್ಕಿ, ಔರಾದಿನ ಮನೆಗಳಲ್ಲಿ ಈಗಲೂ ಇದ್ದಾರೆ.

ಎಲ್ಲವನ್ನೂ ಒಂದೇ ಮನೆಯಲ್ಲಿ ಬೆಳೆದುಕೊಳ್ಳುವುದು ಬೀದರ್‌ನಲ್ಲಿ ಎಂದೂ ಸಾಧ್ಯವಿರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ನೀರಿಗೆ ಓಣಿ, ಕಾಳಿಗೆ ಹಳ್ಳಿ, ಕೆಲಸಕ್ಕೆ ಅಂಗಳ ಎಂಬ ಕೂಡುಬಾಳ್ವೆಯೇ ಇಲ್ಲಿಯ ಸ್ವಾವಲಂಬನೆಯಾಗಿತ್ತು. ಸುರಂಗವನ್ನು ಆರು ನೂರು ವರ್ಷಗಳ ನಂತರವೂ ತೋಡಿ ಹೊರತೆಗೆಯಬಹುದು. ಹಿರಿಯರ ಕೈಯಲ್ಲಿರುವ ವಿದ್ಯೆ ಅಷ್ಟು ದಿನ ಕಾಯುವುದಿಲ್ಲ. ಬರುವ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುವ ಪೇಟೆಯವರು ಭಜ್ಜಿ ಉಂಡು ಬರುವುದರ ಜೊತೆಗೆ, ಅದರೊಳಗಿನ ಕಾಳುಗಳ ಬೀಜವನ್ನೂ ಅವನ್ನು ಕಟ್ಟಿಡುವ ರೀತಿಯನ್ನೂ ಕೇಳಿಕೊಂಡು ಬರುವುದು ಲೇಸು.