ವರದೆಯ ದಂಡೆಯ ಹತ್ತಿಗೆ ಕುಮಟೆಯ ಹೆಸರು

ಹೊಸರಿತ್ತಿಗೂ ಕಡಲಿಗೂ ಎತ್ತಣ ಸಂಬಂಧ? ಊರಿನ ಬಳಿ ಹರಿಯುವ ವರದಾ ನದಿ ಸಹ್ಯಾದ್ರಿಯಲ್ಲಿ ಹುಟ್ಟಿದರೂ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ಹರಿದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಆದರೆ ನೂರೈವತ್ತು ವರ್ಷಗಳ ಹಿಂದೆ ಈ ಸೀಮೆಯ ಎರೆಹೊಲಗಳ ಹತ್ತಿ ಹಿಡಿದದ್ದು ಕಡಲಿನ ದಾರಿಯನ್ನೇ. ಧಾರವಾಡ ಸೀಮೆಯ ಜವಾರಿ ಹತ್ತಿಗೆ ಮುಂಬಯಿ ಪೇಟೆಯಲ್ಲಿದ್ದ ಹೆಸರು ‘ಕುಮಟಾ ಹತ್ತಿ’. ಬೆಳೆದ ನೆಲದ ಹೆಸರು ಬಿಟ್ಟುಹೋಗಿ, ಹಡಗು ಹತ್ತಿದ ಊರಿನ ಹೆಸರು ಅದಕ್ಕೆ ಅಂಟಿಕೊಂಡಿತು.

ಮುಂಗಾರು ಕಳೆದ ಮೇಲೆ ಬೇರು ಬಿಟ್ಟ ಈ ಹತ್ತಿ ಬಿಡಿಸಲು ಬರುತ್ತಿದ್ದುದು ಬೇಸಿಗೆಯ ಹೊತ್ತಿಗೆ. ಮಳೆ ಹಿಡಿದರೆ ಘಟ್ಟದ ದಾರಿ ಕೆಸರಾಗುತ್ತಿತ್ತು, ಪತ್ತೆಮಾರಿಗಳು ಕಡಲಿಗೆ ಇಳಿಯುತ್ತಿರಲಿಲ್ಲ. ಹೀಗಾಗಿ ಆ ಕೆಲವೇ ವಾರಗಳಲ್ಲಿ ಅರಳೆಯ ಅಂಡಿಗೆ ಹೇರಿದ ಚಕ್ಕಡಿಗಳು ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟೆ ಮುಟ್ಟಬೇಕಿತ್ತು. ಘಟ್ಟದ ಮೇಲಿನವರಿಗೆ ಬೇಕಾದ ಉಪ್ಪು, ತೆಂಗಿನಕಾಯಿ ಬರುತ್ತಿದ್ದುದೂ ಇದೇ ಕರಾವಳಿಯಿಂದ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅಲ್ಲಿಯ ಹತ್ತಿ ನಿಂತು ಇಂಗ್ಲೆಂಡಿನ ಗಿರಣಿಗಳು ಕಂಗಾಲಾದವು. ಎಲ್ಲರ ಕಣ್ಣು ಹಿಂದೂಸ್ಥಾನದ ಹತ್ತಿಯ ಮೇಲೆ ಬಿತ್ತು, ಬೆಲೆ ಗಗನಕ್ಕೇರಿತು. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಅದು ಹಡಗೇರುವ ಬಂದರು ಮದರಾಸು ಪ್ರಾಂತದಲ್ಲಿತ್ತು. ವ್ಯಾಪಾರಿಗಳ ಒತ್ತಾಯದ ನಡುವೆ 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರವನ್ನು ದೊಡ್ಡ ಬಂದರಾಗಿ ಬೆಳೆಸುವ ಹವಣಿಕೆಯೂ ಆಗಲೇ ಶುರುವಾಯಿತು. ನಮ್ಮ ರೈತನ ಹೊಲದ ಬೆಳೆ ಜಿಲ್ಲೆಯೊಂದರ ಆಡಳಿತವನ್ನೇ ಬದಲಿಸಿದ ಪ್ರಸಂಗವಿದು.

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. 1880ರ ದಶಕದಲ್ಲಿ ಹುಬ್ಬಳ್ಳಿ, ಹಾವೇರಿ, ರಾಣೆಬೆನ್ನೂರುಗಳಿಗೆ ರೈಲು ಬಂತು. ಗೋವೆಯ ಮರ್ಮಗೋವಾ ಬಂದರಿಗೂ ಹಳಿ ಬಿತ್ತು. ಚಕ್ಕಡಿಯ ಹತ್ತಿ ರೈಲು ಹತ್ತಿದ ಮೇಲೆ ಕುಮಟೆಯ ಭಾಗ್ಯ ಇಳಿಯಿತು.

ಆದರೆ ಈ ಕರಾವಳಿಯ ವ್ಯಾಪಾರ ಹತ್ತಿಯಿಂದ ಶುರುವಾದದ್ದಲ್ಲ. ಕುಮಟೆಯಿಂದ ಹತ್ತಾರು ಕಿಲೋಮೀಟರು ದೂರದ ಮಿರ್ಜಾನ ಕೋಟೆ ಕಾಳುಮೆಣಸಿನ ಕಾಲದ ಸಾಕ್ಷಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯೊಂದಿಗೆ ಇದರ ಹೆಸರು ಬೆಸೆದುಕೊಂಡಿದೆ. 16ನೆಯ ಶತಮಾನದ ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದೇ ಕರೆದರು. ಕೆಂಪುಕಲ್ಲಿನ ಗೋಡೆಗಳ ಮೇಲೆ ಮಳೆಗಾಲದಲ್ಲಿ ಹಸಿರು ಪಾಚಿ ಹಬ್ಬಿದಾಗ ಕೋಟೆಯನ್ನು ನೋಡಬೇಕು.

ಪಕ್ಕದಲ್ಲೇ ಅಘನಾಶಿನಿ. ಶಿರಸಿಯ ಕಡೆ ಹುಟ್ಟಿ ಪಶ್ಚಿಮಕ್ಕೆ ಇಳಿಯುವ ಈ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಇದರ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ‘ಕಗ್ಗ’ ಭತ್ತ ಬೆಳೆಯುತ್ತದೆ. ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಡಿನ ನಡುವೆ ಸುಮಾರು 120 ಮೀಟರು ಎತ್ತರಕ್ಕೆ ನಿಂತ ಯಾಣದ ಭೈರವೇಶ್ವರ ಶಿಖರವೂ ಇದೇ ತಾಲ್ಲೂಕಿನಲ್ಲಿದೆ.

ಇಂದು ಹಾವೇರಿ ಸೀಮೆಯ ಹೊಲಗಳಲ್ಲಿ ಬಿ.ಟಿ. ಹತ್ತಿ ಮತ್ತು ಗೋವಿನಜೋಳದ್ದೇ ಭರಾಟೆ. ಜವಾರಿ ಹತ್ತಿ ಅಪರೂಪವಾಗಿದೆ. ಬೀಜ ಹೋದರೆ ಅದರೊಂದಿಗೆ ಹೆಸರೂ ಹೋಗುತ್ತದೆ, ಹೆಸರಿನೊಳಗಿದ್ದ ದಾರಿಯೂ ಮರೆಯುತ್ತದೆ. ಆ ದಾರಿಯಾದರೋ ಇನ್ನೂ ಇದೆ. ಹಾವೇರಿಯಿಂದ ಶಿರಸಿ ಮೂಲಕ ಕುಮಟೆಗೆ ಸುಮಾರು 140 ಕಿಲೋಮೀಟರು. ದೇವಿಮನೆಯ ತಿರುವುಗಳಲ್ಲಿ ಬಸ್ಸು ನಿಧಾನವಾಗಿ ಇಳಿಯುವಾಗ, ಅಂಡಿಗೆ ಹೇರಿ ಅದೇ ಇಳಿಜಾರಿನಲ್ಲಿ ಎತ್ತುಗಳನ್ನು ಜಗ್ಗಿ ಹಿಡಿದ ನಮ್ಮ ಹಿರಿಯರನ್ನು ಒಮ್ಮೆ ನೆನೆಯಬಹುದು.