ಆಲಮಟ್ಟಿಯ ಗೇಟುಗಳು: ತೊಲೆ ಮತ್ತು ಘನರಾಶಿಗಳ ಕೂಡಿಕೆಯ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೀಮೆಯ ಆಧುನಿಕ ಚರಿತ್ರೆಯು ಬಹುಮಟ್ಟಿಗೆ ಕೃಷ್ಣೆಯ ನೀರಿನ ಚರಿತ್ರೆಯೇ ಆಗಿದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇರಿಸಿದರು. ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ನೀರಿನ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. 2006ರಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಜಲಾಶಯವನ್ನು ಲೋಕಾರ್ಪಣೆ ಮಾಡಿದರು. ಮಟ್ಟದ ಕುರಿತ ವಿವಾದವನ್ನು ಅನೇಕರು ಚರ್ಚಿಸಿದ್ದಾರೆ. ಆದರೆ ಆ ಮಟ್ಟದ ನೀರನ್ನು ತಡೆದಿರುವ 26 ರೇಡಿಯಲ್ ಗೇಟುಗಳ ಹಿಂದಿನ ಲೆಕ್ಕಾಚಾರದ ಚರಿತ್ರೆಯು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ರೇಡಿಯಲ್ ಗೇಟಿನ ಬಾಗಿದ ಫಲಕವು ನೀರಿನ ಒತ್ತಡವನ್ನು ಉಕ್ಕಿನ ತೋಳುಗಳಿಗೆ ಸಾಗಿಸುತ್ತದೆ. ತೋಳುಗಳು ಕೀಲಿನ ಮೂಲಕ ಅದನ್ನು ಕಾಂಕ್ರೀಟಿನ ಕಂಬಗೋಡೆಗೆ ಒಪ್ಪಿಸುತ್ತವೆ. ಸಪೂರವಾದ ಉಕ್ಕು ಮತ್ತು ಸ್ಥೂಲವಾದ ಕಾಂಕ್ರೀಟು ಸಂಧಿಸುವ ಸ್ಥಳವಿದು.

ಇಂತಹ ರಚನೆಗಳನ್ನು ಗಣಕದಲ್ಲಿ ಲೆಕ್ಕಿಸುವ ಪರಿಮಿತ ಘಟಕ ವಿಧಾನವು 1956ರಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಅವರ ಪ್ರಬಂಧದಿಂದ ಬಲಗೊಂಡಿತು. 1960ರಲ್ಲಿ ಕ್ಲಫ್ ಅದಕ್ಕೆ ಈ ಹೆಸರನ್ನಿತ್ತರು. 1962ರಲ್ಲಿ ಕ್ಲಫ್ ಮತ್ತು ವಿಲ್ಸನ್ ಅಮೆರಿಕದ ನಾರ್ಫೋರ್ಕ್ ಅಣೆಕಟ್ಟನ್ನು ಈ ವಿಧಾನದಿಂದ ವಿಶ್ಲೇಷಿಸಿದರು. ಅಣೆಕಟ್ಟಿಗೂ ಈ ವಿಧಾನಕ್ಕೂ ಇರುವ ನಂಟು ಹೀಗೆ ಆರಂಭದಿಂದಲೂ ಬಂದುದಾಗಿದೆ.

ಈ ವಿಧಾನದಲ್ಲಿ ತೋಳನ್ನು ತೊಲೆ ಘಟಕವೆಂದೂ ಕಂಬಗೋಡೆಯನ್ನು ಘನ ಘಟಕವೆಂದೂ ಭಾವಿಸುವುದು ರೂಢಿ. ತೊಲೆಯ ತುದಿಬಿಂದುವಿಗೆ ಮೂರು ಸರಿತ ಮತ್ತು ಮೂರು ತಿರುವು, ಒಟ್ಟು ಆರು ಚಲನೆಗಳುಂಟು. ಘನದ ಬಿಂದುವಿಗಾದರೋ ಮೂರು ಸರಿತಗಳು ಮಾತ್ರ. ಎರಡನ್ನೂ ಒಂದೇ ಬಿಂದುವಿನಲ್ಲಿ ಕೂಡಿಸಿದರೆ ತಿರುವನ್ನು ಸ್ವೀಕರಿಸುವವರೇ ಇರುವುದಿಲ್ಲ; ಭದ್ರವಾದ ಬೆಸುಗೆಯೂ ಲೆಕ್ಕದಲ್ಲಿ ಸಡಿಲ ಕೀಲಾಗಿಬಿಡುತ್ತದೆ. ಇದಕ್ಕೆ ಪರಿಹಾರಗಳು ಮೂರು: ತೊಲೆಯನ್ನು ಘನದೊಳಗೆ ಸ್ವಲ್ಪ ದೂರ ಹುದುಗಿಸುವುದು; ಅದರ ತುದಿಯನ್ನು ಘನದ ಒಂದು ಮೇಲ್ಮೈಗೆ ಬಿಗಿಯಾಗಿ ಬಂಧಿಸುವುದು; ಬಲವನ್ನು ಆ ಮೇಲ್ಮೈಯ ಹಲವು ಬಿಂದುಗಳಿಗೆ ಹಂಚುವುದು. ಬಿಗಿಬಂಧವು ಮೇಲ್ಮೈಯನ್ನು ವಾಸ್ತವಕ್ಕಿಂತ ಗಡುಸಾಗಿಸುತ್ತದೆ. ಹಂಚಿಕೆಯು ಅದನ್ನು ಸಹಜವಾಗಿ ವಿರೂಪಗೊಳ್ಳಲು ಬಿಡುತ್ತದೆ.

ಇದಕ್ಕೆ ವಿಲೋಮವಾದ ದೋಷವೂ ಚರಿತ್ರೆಯಲ್ಲಿ ದಾಖಲಾಗಿದೆ. ಕ್ಯಾಲಿಫೋರ್ನಿಯಾದ ಫಾಲ್ಸಮ್ ಅಣೆಕಟ್ಟಿನ 3ನೆಯ ರೇಡಿಯಲ್ ಗೇಟು 1995ರ ಜುಲೈ 17ರಂದು ತೆರೆಯುತ್ತಿರುವಾಗಲೇ ಮುರಿಯಿತು. ಮೂಲ ವಿನ್ಯಾಸದಲ್ಲಿ ಕೀಲಿನ ಘರ್ಷಣೆಯನ್ನು ಪರಿಗಣಿಸಿರಲಿಲ್ಲ. ತುಕ್ಕಿನಿಂದ ಘರ್ಷಣೆ ಹೆಚ್ಚಿ ತೋಳುಗಳು ಬಾಗಿದವು. ಅಲ್ಲಿ ಗಣಕವು ಭದ್ರ ಸಂಧಿಯನ್ನು ಸಡಿಲಗೊಳಿಸಿರಲಿಲ್ಲ. ವಿನ್ಯಾಸಕರೇ ಬಿಗಿಯಾಗಬಲ್ಲ ಕೀಲನ್ನು ಸಡಿಲವೆಂದು ನಂಬಿದ್ದರು.

ಕರ್ನಾಟಕದಲ್ಲಿ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಗೇಟಿನ ರಚನೆ ಬೇರೆ, ಕಾರಣವೂ ಬೇರೆ. ಆದರೂ ಕೆಟ್ಟದ್ದು ಕಟ್ಟೆಯ ಘನರಾಶಿಯಲ್ಲ, ಅದಕ್ಕೂ ಗೇಟಿಗೂ ನಡುವಿನ ಕೊಂಡಿ ಎಂಬುದು ಗಮನಾರ್ಹ.

ನಾರಾಯಣಪುರ ಎಡದಂಡೆಯ ಇಂಡಿ ಶಾಖಾ ಕಾಲುವೆ ಹಾಗೂ ಆಲಮಟ್ಟಿಯಿಂದ ಹೊರಡುವ ಮುಳವಾಡ ಏತ ನೀರಾವರಿಯನ್ನು ನಂಬಿದ ರೈತನಿಗೆ ಈ ಸೂಕ್ಷ್ಮಗಳು ತಿಳಿಯಬೇಕಾಗಿಲ್ಲ. ಆದರೆ ಅವನ ಬೆಳೆ ನಿಂತಿರುವುದು ಅವುಗಳ ಮೇಲೆಯೇ. ಕಟ್ಟೆಯ ಎತ್ತರದ ಚರಿತ್ರೆಯೊಡನೆ ಅದರ ಸಂಧಿಗಳ ಚರಿತ್ರೆಯನ್ನೂ ದಾಖಲಿಸುವುದು ಆದ್ದರಿಂದ ಅವಶ್ಯಕ.