ಶಾಸ್ತ್ರಗ್ರಂಥ: ಗರಿಯಿಂದ ಪರದೆಗೆ

ಮಗ ಎಂಜಿನಿಯರಿಂಗ್ ಓದುತ್ತಾನೆ. ಪುಸ್ತಕ ಕೊಳ್ಳುವುದಿಲ್ಲ, ಎಲ್ಲವನ್ನೂ ಮೊಬೈಲಿನ ಪರದೆಯ ಮೇಲೆಯೇ ನೋಡುತ್ತಾನೆ. “ಪುಸ್ತಕ ಕೈಯಲ್ಲಿಲ್ಲದೆ ಅದೆಂಥ ಓದೋ?” ಎನ್ನುತ್ತಾರೆ ತಂದೆ. “ಇದೂ ಪುಸ್ತಕವೇ ಅಪ್ಪ” ಎನ್ನುತ್ತಾನೆ ಮಗ. ಇಂದು ಅನೇಕ ಮನೆಗಳಲ್ಲಿ ನಡೆಯುವ ಮಾತು ಇದು. ಯಾರದು ಸರಿ? ತೀರ್ಪು ಹೇಳುವ ಮೊದಲು ಶಾಸ್ತ್ರಗ್ರಂಥವು ನಡೆದುಬಂದ ದಾರಿಯನ್ನು ತುಸು ನೋಡೋಣ.

ಕಾವ್ಯವನ್ನು ಕಿವಿಯಿಂದ ಕಲಿತು ನಾಲಗೆಯ ಮೇಲೆ ಉಳಿಸಿಕೊಳ್ಳಬಹುದು. ಶಾಸ್ತ್ರಕ್ಕೆ ಅಷ್ಟು ಸಾಲದು. ಅಂಕಿ ಬೇಕು, ಆಕೃತಿ ಬೇಕು, ಕೋಷ್ಟಕ ಬೇಕು. ಆದರೂ ನಮ್ಮ ಹಿರಿಯರು ಗಣಿತವನ್ನು ಸಹ ಪದ್ಯದಲ್ಲಿ ಕಟ್ಟಿದರು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ವು ಅಂಥದು. ಸೂತ್ರವೂ ಪದ್ಯ, ಲೆಕ್ಕವೂ ಪದ್ಯ. ಗ್ರಂಥವು ಕೈಬರಹದಲ್ಲಿ ಪ್ರತಿಯಿಂದ ಪ್ರತಿಗೆ ಸಾಗಿತು. ಲಿಪಿಕಾರನ ಕೈ ತಪ್ಪಿದರೆ ಲೆಕ್ಕವೂ ತಪ್ಪಿದಂತೆಯೇ. ೧೯೧೨ರಲ್ಲಿ ಎಂ. ರಂಗಾಚಾರ್ಯರು ಅದನ್ನು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ಸಾವಿರ ವರ್ಷ ಕೆಲವರ ಕೈಯಲ್ಲೇ ಇದ್ದ ಲೆಕ್ಕಗಳು ಆಗ ಹಲವರ ಕೈಗೆ ಬಂದವು.

ಯೂರೋಪಿನಲ್ಲಿಯೂ ಶಾಸ್ತ್ರಗ್ರಂಥಕ್ಕೆ ಅಚ್ಚಿನ ಭಾಗ್ಯ ಬೇಗನೆ ದೊರೆಯಲಿಲ್ಲ. ಗುಟೆನ್‌ಬರ್ಗನ ಬೈಬಲ್ ೧೪೫೫ರ ಸುಮಾರಿಗೆ ಹೊರಬಂದಿತು. ಯೂಕ್ಲಿಡನ ರೇಖಾಗಣಿತವು ೧೪೮೨ರವರೆಗೆ ಕಾಯಬೇಕಾಯಿತು. ಅಕ್ಷರಕ್ಕೆ ಮೊಳೆಗಳಿದ್ದವು, ಆಕೃತಿಗೆ ಇರಲಿಲ್ಲ. ವೆನಿಸ್ ನಗರದ ಮುದ್ರಕ ಎರ್‌ಹಾರ್ಟ್ ರಾಟ್‌ಡೋಲ್ಟ್ ಉಪಾಯವೊಂದನ್ನು ಕಂಡುಕೊಂಡು, ಪುಟದ ಅಂಚಿನಲ್ಲಿ ಆಕೃತಿಗಳನ್ನು ಮುದ್ರಿಸಿದನು. ದೂರದೂರದ ಊರುಗಳ ಇಬ್ಬರು ವಿದ್ವಾಂಸರು ಒಂದೇ ಪುಟವನ್ನು, ಒಂದೇ ಆಕೃತಿಯನ್ನು ಮುಂದಿಟ್ಟುಕೊಂಡು ಚರ್ಚಿಸುವುದು ಹೀಗೆ ಸಾಧ್ಯವಾಯಿತು.

ಇನ್ನು ಪರದೆಯ ಕಥೆ. ಇದರಲ್ಲೊಂದು ಸ್ವಾರಸ್ಯವುಂಟು. ಅಮೆರಿಕದ ಗಣಕವಿಜ್ಞಾನಿ ಡೊನಾಲ್ಡ್ ನೂತ್ ೧೯೭೭ರಲ್ಲಿ ತಮ್ಮ ಗ್ರಂಥದ ಎರಡನೆಯ ಸಂಪುಟದ ಹೊಸ ಆವೃತ್ತಿಯ ಕರಡಚ್ಚನ್ನು ನೋಡಿ ಬೇಸರಪಟ್ಟರು. ಸೀಸದ ಮೊಳೆಗಳು ಹೋಗಿ ಛಾಯಾಚಿತ್ರದ ಜೋಡಣೆ ಬಂದಿತ್ತು. ಸೂತ್ರಗಳ ಅಂದ ಕೆಟ್ಟಿತ್ತು. ಅವರು ಬರವಣಿಗೆಯನ್ನು ಬದಿಗಿಟ್ಟು, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ‘ಟೆಕ್’ ಎಂಬ ಕ್ರಮವನ್ನು ನಿರ್ಮಿಸಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ೧೯೯೧ರಲ್ಲಿ ಭೌತವಿಜ್ಞಾನಿ ಪಾಲ್ ಗಿನ್ಸ್‌ಪಾರ್ಗ್ ಲಾಸ್ ಅಲಮಾಸ್‌ನಲ್ಲಿ ಸಂಶೋಧನ ಲೇಖನಗಳ ಗಣಕ ಭಂಡಾರವನ್ನು ತೆರೆದಾಗ, ಅಲ್ಲಿಗೆ ಲೇಖನಗಳು ಬಂದದ್ದು ಈ ಟೆಕ್‌ನ ರೂಪದಲ್ಲಿಯೇ. ಹಾಳೆಯ ಅಂದಕ್ಕಾಗಿ ಪಟ್ಟ ಶ್ರಮವು ಪರದೆಗೆ ದಾರಿ ಮಾಡಿತು!

ಪರದೆಯ ಗುಣ ಸಣ್ಣದಲ್ಲ. ಬೇಕಾದ ಮಾತು ಕ್ಷಣದಲ್ಲಿ ಸಿಕ್ಕುತ್ತದೆ. ತಪ್ಪನ್ನು ಮರುಮುದ್ರಣಕ್ಕೆ ಕಾಯದೆ ತಿದ್ದಬಹುದು. ಗ್ರಂಥಾಲಯವಿಲ್ಲದ ಊರಿನ ಬಡ ವಿದ್ಯಾರ್ಥಿಗೆ ಅದೊಂದೇ ಪುಸ್ತಕ. ಮಹಾವೀರಾಚಾರ್ಯನ ಲೆಕ್ಕಗಳನ್ನೂ ಈಗ ಅಲ್ಲಿ ಬಿಟ್ಟಿಯಾಗಿ ಓದಬಹುದು. ಆದರೆ ತಂದೆಯ ಮಾತೂ ಬರಿಯ ಹಳಮೆಯಲ್ಲ. ೨೦೧೮ರಲ್ಲಿ ಪ್ರಕಟವಾದ ವಿಮರ್ಶೆಯೊಂದು ೫೪ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ಕಥೆಯ ಓದಿನಲ್ಲಿ ಹಾಳೆಗೂ ಪರದೆಗೂ ಅಂತರ ಕಾಣಲಿಲ್ಲ. ವಿಷಯ ತಿಳಿಸುವ ಬರಹದಲ್ಲಿ, ಅದರಲ್ಲೂ ಸಮಯದ ಒತ್ತಡವಿದ್ದಾಗ, ಹಾಳೆಯಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಮತ್ತೊಂದು ಮಾತು: ೧೪೮೨ರ ಯೂಕ್ಲಿಡನ್ನು ಇಂದಿಗೂ ತೆರೆದು ಓದಬಹುದು, ಚಂದಾ ತೀರಿದ ದಿನ ಪರದೆಯ ಪುಸ್ತಕ ಬಾಗಿಲು ಹಾಕಿಕೊಳ್ಳುವುದುಂಟು.

ಆದುದರಿಂದ ಹುಡುಕುವುದಕ್ಕೆ ಪರದೆ, ಮನನಕ್ಕೆ ಹಾಳೆ ಎಂದು ಹಂಚಿಕೊಳ್ಳುವುದು ಒಳ್ಳೆಯದು. ಪ್ರತಿ ವಿಷಯಕ್ಕೂ ಒಂದು ಮೂಲಗ್ರಂಥವನ್ನು ತಂದೆ ಕೊಡಿಸಲಿ. ಉಳಿದುದನ್ನು ಮಗ ಪರದೆಯಲ್ಲಿ ನೋಡಲಿ. ಲೆಕ್ಕಕ್ಕೆ ನಮ್ಮವರು ಇಟ್ಟ ಪಾಟೀಗಣಿತವೆಂಬ ಹೆಸರು ಹಲಗೆಯಿಂದ ಬಂದದ್ದು. ಗರಿಯಾಗಲಿ, ಹಾಳೆಯಾಗಲಿ, ಪರದೆಯಾಗಲಿ, ಪಕ್ಕದಲ್ಲಿ ಬರೆದು ನೋಡುವ ಹಲಗೆಯೊಂದು ಇಲ್ಲದಿದ್ದರೆ ಶಾಸ್ತ್ರ ಯಾರಿಗೂ ಒಲಿಯದು.